ಪಟ್ಟಿಯಲ್ಲಿ ಹೆಸರಿತ್ತು, ಹೋಟೆಲ್ ಉಳಿಯಲಿಲ್ಲ

ನೋಡಿ, ಒಂದು ಕಟ್ಟಡ ಸರ್ಕಾರದ ಪಾರಂಪರಿಕ ಪಟ್ಟಿಗೆ ಸೇರಿತು ಅಂದ್ರೆ ಮುಗೀತು, ಅದನ್ನ ಇನ್ಯಾರೂ ಮುಟ್ಟೋಕಾಗಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅಮೆರಿಕದ ಒಂದು ಹೋಟೆಲಿನ ಕಥೆ ಓದಿದ ಮೇಲೆ ಆ ಭ್ರಮೆ ಬಿಟ್ಟುಹೋಯ್ತು.

ಹೋಟೆಲಿನ ಹೆಸರು ಬೆಲ್‌ವ್ಯೂ ಬಿಲ್ಟ್‌ಮೋರ್. ಫ್ಲಾರಿಡಾದ ಬೆಲೇರ್ ಎಂಬ ಪುಟ್ಟ ಊರಿನಲ್ಲಿ 1897ರಲ್ಲಿ ಇದನ್ನು ತೆರೆದವನು ಹೆನ್ರಿ ಪ್ಲಾಂಟ್ ಎಂಬ ರೈಲ್ವೆ ಉದ್ಯಮಿ. ಅವನ ಲೆಕ್ಕ ಸರಳ. ರೈಲಿದೆ, ಹತ್ತುವ ಜನ ಬೇಕು. ಉತ್ತರದ ಚಳಿಯಲ್ಲಿ ನಡುಗುವ ಶ್ರೀಮಂತರಿಗೆ ಬಿಸಿಲು ಮಾರಿದರಾಯ್ತು! ಹೋಟೆಲಿನ ಹತ್ತಿರದವರೆಗೂ ಹಳಿ ಹಾಕಿಸಿದ. ಬಿಳಿ ಗೋಡೆ, ಹಸಿರು ಚಾವಣಿ, ನೂರಾರು ಕೋಣೆ. ಅಷ್ಟೂ ಮರದ್ದೇ. ಜಗತ್ತಿನ ಅತಿ ದೊಡ್ಡ ಮರದ ಕಟ್ಟಡಗಳಲ್ಲಿ ಒಂದು ಎನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಸೈನಿಕರು ಉಳಿದುಕೊಂಡಿದ್ದರು.

ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು. ಇಲ್ಲಿ ಬಳಸಿದ್ದು ಹಳೇ ಪೈನ್ ಮರದ ತಿರುಳು. ರಾಳ ತುಂಬಿದ ಗಟ್ಟಿ ಮರ, ಗೆದ್ದಲಿಗೂ ಸುಲಭಕ್ಕೆ ಬಗ್ಗೋದಿಲ್ಲ. ಅದಕ್ಕೆ ನಿಜವಾದ ಶತ್ರು ನೀರು. ಚಾವಣಿ ಸೋರಿದರೂ ಯಾರೂ ಕೇಳದೆ ಹೋದರೆ ಎಂಥ ಮರವೂ ಕೊಳೆಯುತ್ತೆ. ಕ್ಯಾಲಿಫೋರ್ನಿಯಾದ ಹೋಟೆಲ್ ಡೆಲ್ ಕೊರೊನಾಡೊ ಕೂಡ ಮರದ್ದೇ, 1888ರದ್ದು, ಇದಕ್ಕಿಂತ ಹಳೆಯದು. ಅಲ್ಲಿ ಇವತ್ತಿಗೂ ಅತಿಥಿಗಳಿದ್ದಾರೆ. ಸೋರಿದರೆ ದುರಸ್ತಿ ಮಾಡಿಸುವ ದುಡ್ಡು ಆ ಅತಿಥಿಗಳಿಂದಲೇ ಬರುತ್ತೆ.

ಬೆಲ್‌ವ್ಯೂಗೆ ಆ ಭಾಗ್ಯ ಇರಲಿಲ್ಲ. 1979ರಲ್ಲಿ ಅದು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತ್ತು, ನಿಜ. ಆದರೆ ಆ ಪಟ್ಟಿ ಕೊಡೋದು ಗೌರವ, ಬೀಗ ಅಲ್ಲ ಸ್ವಾಮಿ! ಖಾಸಗಿ ಮಾಲೀಕ ತನ್ನ ದುಡ್ಡಲ್ಲಿ ಕೆಡವಲು ಹೊರಟರೆ ಅದೊಂದರಿಂದಲೇ ತಡೆಯೋಕಾಗಲ್ಲ. ತಡೆಯಬೇಕಾದ್ದು ಸ್ಥಳೀಯ ಕಾನೂನು. 2009ರಲ್ಲಿ ಹೋಟೆಲ್ ಮುಚ್ಚಿತು. ನವೀಕರಣದ ಯೋಜನೆಗಳು ಬಂದವು, ಕೋರ್ಟು ಕೇಸುಗಳೂ ಆದವು. ವಕೀಲರು ವಾದ ಮಾಡುತ್ತಿದ್ದಾಗ ಮಳೆಯೇನೂ ಕಾಯುತ್ತಾ ಕೂರಲಿಲ್ಲ. ಪ್ರತಿ ವರ್ಷ ದುರಸ್ತಿಯ ಖರ್ಚು ಏರುತ್ತಲೇ ಹೋಯ್ತು. ಉಳಿಸಿ ಅಂತ ಊರಿನವರು ಎಷ್ಟೇ ಕೂಗಿದರೂ 2015ರಲ್ಲಿ ಕೆಡವುವ ಯಂತ್ರಗಳು ಬಂದೇಬಿಟ್ಟವು.

ಪೂರ್ತಿ ಹೋಯ್ತಾ? ಇಲ್ಲ. 1897ರ ಮೂಲ ಕಟ್ಟಡದ ಒಂದು ತುಂಡನ್ನು ಬಿಟ್ಟುಕೊಂಡರು. ಅದನ್ನು ಇಡಿಯಾಗಿ ಮೇಲೆತ್ತಿ, ತಿರುಗಿಸಿ, ಅದೇ ಜಾಗದಲ್ಲಿ ಸ್ವಲ್ಪ ದೂರ ಸರಿಸಿ ಕೂರಿಸಿದರು. ಕಲ್ಲು ಇಟ್ಟಿಗೆಯ ಕಟ್ಟಡವನ್ನು ಸರಿಸೋದು ಇದಕ್ಕಿಂತ ಎಷ್ಟೋ ಕಷ್ಟ. ಹಗುರವಾದ ಮರದ ಚೌಕಟ್ಟು ಅಲುಗಾಟವನ್ನು ತಡೆದುಕೊಳ್ಳುತ್ತೆ. ಈಗ ಅದು ಮೂವತ್ತೈದು ಕೋಣೆಗಳ ಸಣ್ಣ ಹೋಟೆಲ್. ಮಿಕ್ಕ ಜಾಗದಲ್ಲಿ ಹೊಸ ಮನೆಗಳು ಎದ್ದಿವೆ.