ಉಕ್ಕಿನ ಸೇತುವೆ ಕಟ್ಟಿದವರು ಮತ್ತು ಅವರ ಪತ್ರಿಕೆ

ಕುರ್‌ಆನಿನ 57ನೆಯ ಅಧ್ಯಾಯದ ಹೆಸರು 'ಅಲ್ ಹದೀದ್', ಅಂದರೆ ಕಬ್ಬಿಣ. ಅದರಲ್ಲಿ ಮಹಾ ಶಕ್ತಿಯೂ ಇದೆ, ಜನರಿಗೆ ಪ್ರಯೋಜನವೂ ಇದೆ ಎಂಬ ಮಾತು ಅಲ್ಲಿ ಬರುತ್ತದೆ. ಆದರೆ ಆ ಕಬ್ಬಿಣವನ್ನು ಎತ್ತರಕ್ಕೇರಿಸಿ ಜೋಡಿಸಿದವರ ಬಗ್ಗೆ ನಾವು ಕೇಳಿದ್ದು ಕಡಿಮೆ.

1896ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಆರು ನಗರಗಳ 16 ಪ್ರತಿನಿಧಿಗಳು ಸೇರಿ ಸೇತುವೆ ಮತ್ತು ಕಟ್ಟಡಗಳ ಕಬ್ಬಿಣ ಕಾರ್ಮಿಕರ ಸಂಘವನ್ನು ಕಟ್ಟಿದರು. ಬಿದ್ದು ಸಾಯುವುದು ಈ ಕಸುಬಿನಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ. 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಒಂದೇ ಊರಿನ ಮೊಹಾಕ್ ಆದಿವಾಸಿಗಳು. ಇನ್ನಷ್ಟು ಭಾರ ಹೇರಬೇಡಿ ಎಂದು ಎಂಜಿನಿಯರ್ ಕಳಿಸಿದ ತಂತಿ ಕಂಪೆನಿಯ ಊರಿಗೆ ಹೋಯಿತೇ ವಿನಾ ಸೇತುವೆಯ ಬಳಿಗೆ ತಲುಪಲಿಲ್ಲ.

1901ರಲ್ಲಿ ಸಂಘ 'ಬ್ರಿಜ್‌ಮೆನ್ಸ್ ಮ್ಯಾಗಝಿನ್' ಎಂಬ ಮಾಸಿಕ ಆರಂಭಿಸಿತು. ಊರೂರು ಅಲೆಯುವ ಕಾರ್ಮಿಕನಿಗೆ ತನ್ನ ಸಂಘದ ಸುದ್ದಿ ಸಿಗುತ್ತಿದ್ದುದು ಅದರಲ್ಲಿಯೇ. ಮುಂದೆ ಸಂಘದ ಕಾರ್ಯದರ್ಶಿ ಜಾನ್ ಮೆಕ್‌ನಮಾರ ಅದರ ಸಂಪಾದಕನೂ ಆದ.

ಅತ್ತ 1906ರಲ್ಲಿ ಉಕ್ಕಿನ ಕಂಪೆನಿಗಳ ಒಕ್ಕೂಟ ಸಂಘದವರಿಗೇ ಕೆಲಸ ಕೊಡಬೇಕೆಂಬ ಒಪ್ಪಂದಕ್ಕೆ ಬೆನ್ನು ತಿರುಗಿಸಿತು. ಮುಷ್ಕರ ಫಲಿಸಲಿಲ್ಲ. ಆಗ ಸಂಘದ ನಾಯಕರು ಗುಟ್ಟಾಗಿ ಡೈನಮೈಟ್ ಹಿಡಿದರು. 1906ರಿಂದ 1911ರ ನಡುವೆ ಸಂಘವನ್ನು ದೂರವಿಟ್ಟ ಗುತ್ತಿಗೆದಾರರ ಸೇತುವೆ, ಯಂತ್ರ, ಕಬ್ಬಿಣದ ರಾಶಿಗಳು ನೂರರಷ್ಟು ಕಡೆ ಸಿಡಿದವು. ಸದಸ್ಯರಲ್ಲಿ ಬಹುತೇಕರಿಗೆ ಇದರ ಸುಳಿವೂ ಇರಲಿಲ್ಲ.

1910ರ ಅಕ್ಟೋಬರ್ 1ರ ನಸುಕಿನಲ್ಲಿ ಜಾನ್‌ನ ತಮ್ಮ ಜೇಮ್ಸ್ ಇಟ್ಟ ಬಾಂಬು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯ ಕಟ್ಟಡವನ್ನು ಸುಟ್ಟಿತು. ಅದರ ಮಾಲಕ ಓಟಿಸ್ ಕಾರ್ಮಿಕ ಸಂಘಗಳ ಕಡುವೈರಿ. ಆದರೆ ಆ ರಾತ್ರಿ ಅವನು ಅಲ್ಲಿರಲಿಲ್ಲ. ಸತ್ತ ಸುಮಾರು ಇಪ್ಪತ್ತು ಮಂದಿ ಪತ್ರಿಕೆಯಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದವರು. ಕೂಲಿಗಾರರ ಪತ್ರಿಕೆಯ ಸಂಪಾದಕನೊಬ್ಬನ ಸಂಚಿಗೆ ಇನ್ನೊಂದು ಪತ್ರಿಕೆಯ ಕೂಲಿಗಾರರು ಬಲಿಯಾದರು! ಅನ್ಯಾಯಕ್ಕೆ ಒಳಗಾದವನು ಮಾಡಿದ್ದೆಲ್ಲವೂ ನ್ಯಾಯವಾಗುತ್ತದೆಯೇ? ಶತಮಾನ ಕಳೆದರೂ ಈ ಪ್ರಶ್ನೆಯಿಂದ ನಾವು ನುಣುಚಿಕೊಳ್ಳುವಂತಿಲ್ಲ.

1911ರ ಏಪ್ರಿಲ್‌ನಲ್ಲಿ ಅಣ್ಣತಮ್ಮಂದಿರ ಬಂಧನವಾದಾಗ ಇದು ಕಂಪೆನಿಗಳ ಸಂಚೆಂದೇ ಕಾರ್ಮಿಕರು ನಂಬಿದರು. ದುಡಿಮೆಯ ಪುಡಿಗಾಸು ಕೂಡಿಸಿ ಮೊಕದ್ದಮೆಗೆ ಹಣ ಕಳಿಸಿದರು. ಆ ಕಾಲದ ಹೆಸರಾಂತ ವಕೀಲ ಕ್ಲಾರೆನ್ಸ್ ಡಾರೋ ವಾದಕ್ಕೆ ಬಂದ. ಆದರೆ ಡಿಸೆಂಬರ್ 1ರಂದು ಇಬ್ಬರೂ ತಪ್ಪೊಪ್ಪಿಕೊಂಡರು. ನಾಲ್ಕು ದಿನಗಳ ಬಳಿಕ ನಡೆದ ಲಾಸ್ ಏಂಜಲೀಸ್ ಮೇಯರ್ ಚುನಾವಣೆಯಲ್ಲಿ, ಅದುವರೆಗೆ ಗೆಲ್ಲುವ ಹುರಿಯಾಳೆನಿಸಿದ್ದ ಸಮಾಜವಾದಿ ಜಾಬ್ ಹ್ಯಾರಿಮನ್ ಸೋತ. 1912ರ ಕೊನೆಗೆ ಸಂಘದ ಅಧ್ಯಕ್ಷ ರಯಾನ್ ಸೇರಿ 38 ಮಂದಿಗೆ ಇಂಡಿಯಾನಾಪೊಲಿಸ್‌ನ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು.

ಸಂಘ ಮುಳುಗಲಿಲ್ಲ. ಅದರ ಪತ್ರಿಕೆಯೂ ಮುಂದೆ 'ದಿ ಐರನ್‌ವರ್ಕರ್' ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ಜಾನ್ 1921ರಲ್ಲಿ ಬಿಡುಗಡೆಯಾದ. ಜೀವಾವಧಿ ಶಿಕ್ಷೆಯ ಜೇಮ್ಸ್ 1941ರಲ್ಲಿ ಸೆರೆಮನೆಯಲ್ಲಿಯೇ ಸತ್ತ. ಎರಡು ತಿಂಗಳಲ್ಲಿ ಅಣ್ಣನೂ ತೀರಿಕೊಂಡ.