ತೊಟ್ಟಿಲಿನ ಬಳಿಗೆ ಬಂದ ಗಡಿಯಾರ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಗಡಿಯಾರ ಬೇಕಾಗಿರಲಿಲ್ಲ. ಎಣ್ಣೆ ಹಚ್ಚಿ, ಅಡಕೆ ಹಾಳೆಯ ಮೇಲೆ ಮಲಗಿಸಿ, ಬಿಸಿನೀರು ಹೊಯ್ದ ಮೇಲೆ ಮಗು ಹಾಲು ಕುಡಿದು ನಿದ್ದೆ ಹೋಗುತ್ತಿತ್ತು. ಎದ್ದಾಗ ಮತ್ತೆ ಕುಡಿಯುತ್ತಿತ್ತು. ಎಷ್ಟು ಗಂಟೆಗೊಮ್ಮೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆಂದು ಹಳೆಯದೆಲ್ಲ ಒಳ್ಳೆಯದೇ ಆಗಿತ್ತೆನ್ನುವಂತಿಲ್ಲ. ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಎಷ್ಟೋ ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದರು. ಬದಲಿಗೆ ಜೇನು ನೆಕ್ಕಿಸುತ್ತಿದ್ದರು. ರೋಗವನ್ನು ತಡೆಯುವ ಸತ್ವ ಆ ಹಾಲಿನಲ್ಲೇ ಹೆಚ್ಚಾಗಿರುತ್ತದೆ.

ಗಡಿಯಾರ ಬಂದುದು ದೂರದಿಂದ. ಅಮೆರಿಕದ ಮಕ್ಕಳ ವೈದ್ಯ ಎಮೆಟ್ ಹೋಲ್ಟ್ 1894ರಲ್ಲಿ ಶಿಶುಪಾಲನೆಯ ಪುಸ್ತಕವೊಂದನ್ನು ಹೊರತಂದನು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ತನ್ನ ಸಂಘವನ್ನು ಕಟ್ಟಿದನು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ ಎಂಬುದು ಈತನ ಕಟ್ಟಳೆ. ಈತ ಮಾನಸಿಕ ಆಸ್ಪತ್ರೆಯೊಂದರ ಅಧಿಕಾರಿಯಾಗಿದ್ದಾಗ ಅಲ್ಲಿನ ಜಮೀನಿನ ಕರುಗಳಿಗೆ ಹಾಲುಣಿಸುವ ಕ್ರಮವನ್ನು ತಿದ್ದಿ ಹೆಸರು ಮಾಡಿದ್ದನೆಂಬುದು ಸ್ವಾರಸ್ಯದ ಸಂಗತಿ. ಕರುವಿಗೆ ಒಗ್ಗಿದ್ದು ಕೂಸಿಗೂ ಒಗ್ಗೀತು ಎಂದುಕೊಂಡನೋ ಏನೋ! ಪುಸ್ತಕಗಳ ಮೂಲಕ, ದಾದಿಯರ ತರಬೇತಿಯ ಮೂಲಕ ಈ ಬೋಧೆ ದೇಶದೇಶಗಳಿಗೆ ಹಬ್ಬಿತು.

ನಮ್ಮ ಮನೆಗೂ ಅದು ಬಂದಿತ್ತು. ಓದಿದವಳಾದ ನನ್ನ ಚಿಕ್ಕಮ್ಮ ಗೋಡೆಯ ಗಡಿಯಾರದ ಕೆಳಗೆ ಕುಳಿತಿದ್ದಳು. ಮಗು ಚೀರುತ್ತಿತ್ತು, ಆರು ಗಂಟೆಯಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಅಜ್ಜಿ ಬಾಗಿಲಲ್ಲಿ ನಿಂತು, "ಅದಕ್ಕೆ ಹಸಿವಾಗಿದೆ ಮಗಾ, ಎತ್ತಿಕೋ" ಎಂದರು. "ಅತ್ತೆ, ಅಭ್ಯಾಸ ಕೆಡುತ್ತದಂತೆ" ಎಂದಳು ಚಿಕ್ಕಮ್ಮ. ಅವಳ ಕಣ್ಣಲ್ಲೂ ನೀರಿತ್ತು. ಹಾಲು ಸೀರೆಯನ್ನು ನೆನೆಸಿತ್ತು.

ಆಮೇಲಿನ ವಿಜ್ಞಾನ ಅಜ್ಜಿಯ ಪಕ್ಷ ವಹಿಸಿತು. ಷಿಕಾಗೋದ ಕ್ಲೀಟ್‌ಮನ್ ಮತ್ತು ಎಂಗೆಲ್‌ಮನ್ 19 ಶಿಶುಗಳ ನಿದ್ದೆಯನ್ನು 3ನೆಯ ವಾರದಿಂದ 26ನೆಯ ವಾರದವರೆಗೆ ಗುರುತಿಸಿಟ್ಟು 1953ರಲ್ಲಿ ಪ್ರಕಟಿಸಿದರು. ಒಟ್ಟು ನಿದ್ದೆ ಅಷ್ಟಾಗಿ ಇಳಿಯುವುದಿಲ್ಲ. ಹಗಲಿನದು ಮೆಲ್ಲಮೆಲ್ಲನೆ ರಾತ್ರಿಗೆ ಸರಿಯುತ್ತದೆ. ಹುಟ್ಟಿದ ಕೂಸಿಗೆ ಹಗಲುರಾತ್ರಿಗಳ ಭೇದವೇ ತಿಳಿಯದು. ಎರಡು ಮೂರು ತಿಂಗಳಾಗುವಾಗ ಅದರ ಮೈಯಲ್ಲಿಯೇ ಆ ಲಯ ಮೂಡುತ್ತದೆ. ಕೆಲವು ದಿನ ಸಂಜೆಯೆಲ್ಲ ಬಿಡದೆ ಹಾಲು ಕೇಳುವುದೂ ಉಂಟು; ಹಾಲು ಸಾಲದೆಂದು ತಾಯಿ ಹೆದರುತ್ತಾಳೆ. ಕುಡಿದಷ್ಟೂ ಹಾಲು ಹೆಚ್ಚುವುದರಿಂದ ಆ ಹಟದಲ್ಲೂ ಒಂದು ಉಪಾಯವಿದೆ. ಸರಿಯಾಗಿ ಮಲಗುತ್ತಿದ್ದ ಮಗು ನಾಲ್ಕನೆಯ ತಿಂಗಳಲ್ಲಿ ಮತ್ತೆ ರಾತ್ರಿ ಎದ್ದೇಳತೊಡಗಿದರೆ, ನಿದ್ದೆಯ ರೀತಿ ದೊಡ್ಡವರದಕ್ಕೆ ಹತ್ತಿರವಾಗುತ್ತಿದೆ ಎಂದೇ ಎಷ್ಟೋ ವೇಳೆ ಅದರ ಅರ್ಥ. ಮಗು ಹಾಲೇ ಬೇಡವೆಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಡಬ್ಬಿಯ ಹಾಲಿನ ಕಥೆಯೂ ಇದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯದವರು ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ಬಗೆಯನ್ನು ಕಂಡುಹಿಡಿದರು. ವಿದೇಶದ ಡಬ್ಬಿಗಳಿಗೆ ಹಣ ಸುರಿಯುವುದು ತಪ್ಪಿತು. ಆದರೆ ಡಬ್ಬಿ ತಾಯಿಯ ಹಾಲನ್ನೇ ಹಿಂದಕ್ಕೆ ತಳ್ಳಬಾರದೆಂದು 1992ರಲ್ಲಿ ಅದರ ಜಾಹೀರಾತನ್ನು ಕಾನೂನಿನಿಂದ ಕಟ್ಟಿಹಾಕಬೇಕಾಯಿತು.

ಮಂಗಳೂರಿನಲ್ಲಿ ಮತ್ತೊಂದು ಬಗೆಯ ಗಡಿಯಾರವಿತ್ತು, ಕಾರ್ಖಾನೆಯ ಕೂಗು. ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು; ಮುಂದಿನ ಶತಮಾನದಲ್ಲಿ ಗೇರುಬೀಜದ ಕಾರ್ಖಾನೆಗಳು ಬಂದವು. ಅಲ್ಲಿ ಬೀಜ ಒಡೆಯುವವರು, ಸಿಪ್ಪೆ ಸುಲಿಯುವವರು ಬಹುಮಟ್ಟಿಗೆ ಹೆಂಗಸರೇ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳು ಮಡಿಲಿನ ಮೊರವನ್ನು ಪಕ್ಕಕ್ಕಿಟ್ಟು ಮಗುವನ್ನೆತ್ತಿಕೊಳ್ಳಬಲ್ಲಳು. ಕಾರ್ಖಾನೆಗೆ ಹೋದವಳಿಗೆ ಆ ಭಾಗ್ಯವಿಲ್ಲ. ಹಗಲೆಲ್ಲ ಅಜ್ಜಿಯ ಕೈಯಲ್ಲಿ ರಾಗಿ ಮಣ್ಣಿಯನ್ನೋ ಗಂಜಿತಿಳಿಯನ್ನೋ ಅರೆಮನಸ್ಸಿನಿಂದ ನುಂಗಿ ಮಲಗುವ ಮಗು, ತಾಯಿ ಬಂದ ಮೇಲೆ ರಾತ್ರಿಯೆಲ್ಲ ಎದ್ದೆದ್ದು ಹಾಲು ಕುಡಿಯುತ್ತದೆ. ನೆರೆಯವರು ಇದನ್ನು ಕೆಟ್ಟ ಅಭ್ಯಾಸವೆನ್ನುವುದುಂಟು. ಮಗುವಿನ ಲೆಕ್ಕ ಬೇರೆ: ಹಗಲು ಸಿಗದ್ದನ್ನು ಅದು ರಾತ್ರಿ ತುಂಬಿಕೊಳ್ಳುತ್ತದೆ.

ಈ ಲೆಕ್ಕವನ್ನು ಕಾನೂನು ತಡವಾಗಿಯಾದರೂ ಒಪ್ಪಿತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳಿಗೊಂದು ಕೋಣೆಯಿರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ರಜೆಯನ್ನೂ, ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆರಡು ಬಿಡುವುಗಳನ್ನೂ ಕೊಟ್ಟಿತು. ಮನೆ ಮೂರು ಮೈಲಿ ದೂರವಿದ್ದು, ಮಗುವಿನ ಕೋಣೆ ಕಾಗದದಲ್ಲಷ್ಟೇ ಇದ್ದರೆ ಆ ಬಿಡುವಿನಲ್ಲಿ ಅವಳು ಏನು ಮಾಡಬೇಕು? ಮೊದಲೆರಡು ಮಕ್ಕಳಿಗೆ ರಜೆ 26 ವಾರಗಳಾದದ್ದು 2017ರಲ್ಲಿ. ಕ್ಲೀಟ್‌ಮನ್ನನ ಪಟ್ಟಿ ಮುಗಿಯುವುದೂ 26ನೆಯ ವಾರಕ್ಕೇ.