ಊರಗಡಿಯ ವೀರಗಲ್ಲು, ಕಡಲಾಚೆಯ ಸಾವು

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಯುದ್ಧಸ್ಮಾರಕವೆಂದರೆ ಮೊದಲು ಕಣ್ಣಿಗೆ ಬೀಳುವುದು ವೀರಗಲ್ಲು. ಬಿ.ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಗಳಲ್ಲಿ ವೀರಗಲ್ಲಿನ ಬರಹಗಳೂ ಸೇರಿವೆ. ತುರುಗಳನ್ನು ಮರಳಿ ತರುವಾಗ, ಊರಳಿವನ್ನು ತಡೆಯುವಾಗ ಬಿದ್ದವನಿಗೆ ನಿಲ್ಲಿಸಿದ ಕಲ್ಲು ಇದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ಲಿಂಗಪೂಜೆ: ಈ ಕ್ರಮ ಪರಿಚಿತವಾದುದೇ. ಕಲ್ಲಿನ ಜೊತೆಗಿದ್ದ ಭೂಮಿಯ ಕಡೆಗೆ ವಿದ್ವಾಂಸರ ಗಮನ ಹರಿದಷ್ಟು ಜನಸಾಮಾನ್ಯರ ಗಮನ ಹರಿದಿಲ್ಲ. ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರುಗಳಲ್ಲಿ ಮಡಿದವನ ಮನೆಯವರಿಗೆ ನೆಲ ಸಲ್ಲುತ್ತಿತ್ತು. ಆ ನೆಲವನ್ನು ಉಂಡವರೇ ಕಲ್ಲಿಗೆ ಎಣ್ಣೆಯೆರೆಯುವವರೂ ಆಗಿದ್ದರೆಂದು ಭಾವಿಸುವುದು ಸಹಜ.

ಮೊದಲನೆಯ ಮಹಾಯುದ್ಧವು ಈ ಸಂಬಂಧವನ್ನು ಕಡಿದುಹಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. 1914ರ ಅಕ್ಟೋಬರಿನಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಬೆಂಗಳೂರಿನಿಂದ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲು, ಗಾಜಾ, ಕೊನೆಗೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳ ಹೈಫಾ ಪಟ್ಟಣದೊಳಕ್ಕೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟವೇರಿ ಫಿರಂಗಿಗಳನ್ನು ಹಿಡಿದರು. ಸೆರೆಸಿಕ್ಕವರು 1,350 ಮಂದಿ. ಗೆದ್ದ ಪಡೆಯಲ್ಲಿ ಮಡಿದವರು 8 ಮಂದಿ, ಸತ್ತ ಕುದುರೆಗಳು 60. ಅಕ್ಟೋಬರ್ 26ರಂದು ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ನಷ್ಟ ಇದಕ್ಕಿಂತ ಹೆಚ್ಚು. ಆದರೂ ಆ ಹೆಸರು ನಮ್ಮಲ್ಲಿ ಬಹುಮಟ್ಟಿಗೆ ಮರೆತೇಹೋಗಿದೆ.

ಕುದುರೆಗಳ ಲೆಕ್ಕವನ್ನು ಕುಣಿಗಲ್ ಕಡೆಯ ಓದುಗರು ಸುಮ್ಮನೆ ದಾಟಿಹೋಗಲಾರರು. ಟಿಪ್ಪುವಿನ ಕಾಲದಿಂದ ದಂಡಿನ ಕುದುರೆ ಬೆಳೆಸಿದ ಊರು ಅದು. ಅಶ್ವಾರೂಢ ವೀರನ ಕಲ್ಲಿನಲ್ಲಿ ಕುದುರೆಗೂ ಜಾಗವುಂಟು. ದೆಹಲಿಯಲ್ಲಿ 1922ರಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸ್ ರಚಿಸಿದ ತೀನ್ ಮೂರ್ತಿಯಲ್ಲಾದರೋ ಹೈದರಾಬಾದ್, ಮೈಸೂರು, ಜೋಧಪುರಗಳ ಮೂವರು ಸವಾರರೂ ಈಟಿ ಹಿಡಿದು ನೆಲದ ಮೇಲೆ ನಿಂತಿದ್ದಾರೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕ ಸ್ತಂಭದಲ್ಲಿ ಮಡಿದವರ ಹೆಸರುಗಳಿವೆ. ಮುಸ್ಲಿಮರು, ಮರಾಠರು, ಅರಸು ಮನೆತನದವರು ಒಟ್ಟಿಗೆ ಸೇವೆ ಸಲ್ಲಿಸಿದ ದಳವದು. ಇವರನ್ನು ಆಧಾರವಿಲ್ಲದೆ ಈ ಊರಿನವರು, ಆ ಊರಿನವರು ಎಂದು ಹಂಚಿಕೊಳ್ಳುವುದು ಇತಿಹಾಸಕ್ಕೆ ಒಪ್ಪುವ ಕೆಲಸವಲ್ಲ. ವೀರಗಲ್ಲು ಬಿದ್ದವನ ನೆಲದ ನಂಟನ್ನು ಸಾರುತ್ತದೆ. ಸ್ತಂಭವು ಅವನ ದಳವನ್ನು ಹೇಳುತ್ತದೆ. ಅದು ನಿಂತಿರುವುದು ದಂಡಿನ ಪ್ರದೇಶದಲ್ಲಿ, ಊರಬಾಗಿಲಿನಲ್ಲಲ್ಲ. ಮೇಲೇರುವ ಸ್ವರ್ಗದ ಪಟ್ಟಿಕೆ ಅದಕ್ಕಿಲ್ಲ.

ಹೊರನಾಡಿನಲ್ಲಿ ಕಲ್ಲಿನ ಗತಿಯೂ ಅಷ್ಟು ಭದ್ರವಾಗಿರಲಿಲ್ಲ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಮಡಿದು, ಗುರುತಿಸಿದ ಸಮಾಧಿಯಿಲ್ಲದ ಭಾರತೀಯ ಸೈನಿಕರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಅನಾವರಣಗೊಂಡ ಸ್ಮಾರಕವು ಮುಂದೆ ಇಸ್ರೇಲ್–ಈಜಿಪ್ಟ್ ಕದನಗಳಲ್ಲಿ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ರುದ್ರಭೂಮಿಯಲ್ಲಿ ಅದಕ್ಕೆ ಬದಲಿ ಸ್ಮಾರಕ ನಿರ್ಮಾಣವಾಯಿತು. ಬೆಂಗಳೂರಿನ ಸ್ತಂಭಕ್ಕೆ ಬಾಳ್ಗಚ್ಚಿನ ಹೊಲವಿಲ್ಲ, ಎಣ್ಣೆಯೆರೆವ ಪದ್ಧತಿಯಿಲ್ಲ. ಆದರೂ ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್ 23ರ ಸುಮಾರಿಗೆ ಲ್ಯಾನ್ಸರ್ಸ್ ವಂಶಸ್ಥರು ಅಲ್ಲಿ ಸೇರಿ ಹೂವಿಡುತ್ತಾರೆ.